ಫಕ್ಕೀರಿಯ ಗಂಟಲು

೩ ಸೆಪ್ಟೆಂಬರ್ ೧೯೫೬, ಸೋಮವಾರ

ಏಳನೆಯ ಇಯತ್ತೆಯ ನಿಬಂಧ ತಿದ್ದುವುದು ಅರ್ಧ ಮುಗಿಯಿತು. ವಿಷಯ, ಬರಲಿರುವ ಹೊಸ ರಾಜ್ಯ. ಎಲ್ಲ ಹುಡುಗಿಯರದೂ ಒಂದೇ ಮೊದಲ ವಾಕ್ಯ. ಯಾರದೋ ಅಣ್ಣ ಬರೆದುಕೊಟ್ಟಿರಬೇಕು.

ಕೆಳಗೆ ಮಗ್ಗ ನಡೆದಿತ್ತು. ಈ ಮಾಳಿಗೆಗೆ ಬಾಡಿಗೆಗೆ ಬಂದ ಹೊಸತರಲ್ಲಿ ಆ ಬಡಿತಕ್ಕೆ ಬೆಟಗೇರಿಯನ್ನೇ ಬಿಡಬೇಕೆಂದಿದ್ದೆ. ಈಗ ಷಟ್ಪದಿ ಹಿಡಿದರೆ ಅದರ ಲೆಕ್ಕದಲ್ಲೇ ಓದುತ್ತೇನೆ. ನಿಂತರೆ ತಲೆ ಎತ್ತುತ್ತೇನೆ.

ಇವತ್ತು ನಡುವೆಯೇ ನಿಂತಿತು. ಇಳಿದು ಹೋದೆ. ಮನೆಯೊಡೆಯ ಸಕ್ರಪ್ಪನ ಮಗಳು ಫಕ್ಕೀರಿ, ಏಳು ವರ್ಷದವಳು, ಪಡಸಾಲೆಯಲ್ಲಿ ಮೊಣಕಾಲು ಹಿಡಿದು ಕೂತಿದ್ದಳು. ಮುಟ್ಟಿದೆ. ಊದಿತ್ತು, ಬಿಸಿ.

"ಬಿದ್ದಿಲ್ಲ, ಏನಿಲ್ರಿ ಅಕ್ಕೋರ," ಎಂದಳು ತಾಯಿ ಅಮೃತವ್ವ. "ಮೊನ್ನಿ ನೋವು ಈ ಕಾಲಾಗ ಇತ್ತು. ಇವತ್ತ ಆ ಕಾಲಿಗೆ ಹೋಗೇತಿ."

"ಬೆಳಿಯೋ ಹುಡುಗಿ, ಎಲುಬು ಎಳೀತಾವ," ಒಳಗಿಂದ ಅಜ್ಜಿ ಹುಚ್ಚವ್ವ. "ಎಣ್ಣಿ ಹಚ್ಚು, ಆತು."

ನೋವು ಒಂದು ಕಾಲಿನಿಂದ ಇನ್ನೊಂದಕ್ಕೆ ಹೇಗೆ ನಡೆದು ಹೋಗುತ್ತದೆ... ತಿಳಿಯಲಿಲ್ಲ.

೬ ಸೆಪ್ಟೆಂಬರ್, ಗುರುವಾರ

ನೋವು ಈಗ ಮೊಣಕೈಗೆ. ಜ್ವರವೂ. ಸಕ್ರಪ್ಪ ಹೆಗಲ ಮೇಲೆ ಹೊತ್ತುಕೊಂಡು ಗದಗಿಗೆ ನಡೆದ, ಹಿಂದೆ ಅಮೃತವ್ವ. ಶಾಲೆ ಬಿಟ್ಟ ಮೇಲೆ ನಾನೂ ದವಾಖಾನೆಗೆ ಹೋದೆ.

ಡಾ. ಚನ್ನಬಸವಣ್ಣ ಕಾಲು ನೋಡಿದರು, ಕೈ ನೋಡಿದರು. ಕೇಳಿದ್ದು ಮಾತ್ರ ಬೇರೆ. "ಹಿಂದಿನ ತಿಂಗಳು ಇಕಿಗೆ ಗಂಟಲು ನೋವು ಬಂದಿತ್ತೇನು?"

ನಾವೆಲ್ಲ ಮುಖ ಮುಖ ನೋಡಿಕೊಂಡೆವು. ಮೊಣಕಾಲಿಗೆ ಬಂದವರನ್ನು ಗಂಟಲು ಕೇಳುತ್ತಾರಲ್ಲ.

"ಪಂಚಮ್ಯಾಗ ಉಗುಳ ನುಂಗಾಕ ಬರವಲ್ದಾಗಿತ್ರಿ," ಎಂದಳು ಅಮೃತವ್ವ. "ಜೋಕಾಲಿ ಬ್ಯಾಡಂದು ಮಲಗಿದ್ಲು. ಮತ್ತ ತಾನ ಹೋತು."

"ಹೋಗಲಿಲ್ಲ. ಒಳಗ ಹೋತು," ಎಂದರು ಡಾಕ್ಟರು.

ಎದೆಗೆ ಕೊಳವೆ ಹಚ್ಚಿ ಬಹಳ ಹೊತ್ತು ಕೇಳಿದರು. ರುಮ್ಯಾಟಿಕ್ ಫೀವರ್ ಅಂತೆ. ಕೀಲುಗಳು ತಾವೇ ವಾಸಿಯಾಗುತ್ತವೆ, ಅವುಗಳ ಚಿಂತೆ ಇಲ್ಲ. ಹೃದಯದಲ್ಲಿ ಒಂದು ಸಣ್ಣ ಸಪ್ಪಳ ಕೇಳಿಸುತ್ತಿದೆ. ಕಡಿಮೆ ಆಗಬಹುದು. "ಆದ್ರ ಇನ್ನೊಮ್ಮೆ ಆ ಗಂಟಲು ಬರಬಾರದು. ಬಂದ್ರ, ತಡಾ ಮಾಡಿದ್ರ, ಹೃದಯದ ಬಾಗಲಾ ಕೆಡತಾವ. ಕೆಟ್ಟ ಬಾಗಲಾ ರಿಪೇರಿ ಮಾಡಾಕ ನನ್ನ ಕಡೆ ಏನೂ ಇಲ್ಲ." ಗುಳಿಗೆ ಕೊಟ್ಟರು. ಓಡಬಾರದು, ನಡೆಯಬಾರದು, ಕೂತೇ ಇರಬೇಕು.

ಗಂಟಲು. ಮೊಣಕಾಲು. ಹೃದಯ. ಗಂಟಲಿಗೂ ಹೃದಯಕ್ಕೂ ನಂಟಿದೆ ಎಂದು ಕವಿತೆಗಳಲ್ಲಿ ಎಷ್ಟು ಸಲ ಓದಿಲ್ಲ! ನಿಜವಿರಬಹುದೆಂದು ಒಮ್ಮೆಯೂ ಅನಿಸಿರಲಿಲ್ಲ.

೧೦ ಸೆಪ್ಟೆಂಬರ್

ಫಕ್ಕೀರಿಯ ತಮ್ಮ ಹೊಳ್ಯಾ — ಹೊಳೆಯಪ್ಪ, ಮೂರು ವರ್ಷ — ಕೆಮ್ಮುತ್ತಿದ್ದ. ಗಾಬರಿ ನನ್ನದೇ ಹೆಚ್ಚು. ಅಮೃತವ್ವನನ್ನು ಎಬ್ಬಿಸಿಕೊಂಡು ಮತ್ತೆ ಗದಗಿಗೆ. ಡಾಕ್ಟರು ನಕ್ಕರು.

"ಮೂಗು ಸೋರತೈತಿ, ಕೆಮ್ಮ ಐತಿ. ಇದು ಬರೇ ನೆಗಡಿ. ನಾ ಹೇಳೂದು ಹಂಗಲ್ರಿ ಬಾಯಾರ. ಅದು ಒಮ್ಮಿಂದೊಮ್ಮೆಲೆ ಬರತೈತಿ. ಜ್ವರಾ, ನುಂಗಾಕ ನೋವು, ದವಡಿ ಕೆಳಗ ಗಂಟು. ಒಳಗ ಕೆಂಪು, ಒಮ್ಮೊಮ್ಮೆ ಬಿಳಿ ಚುಕ್ಕಿ. ಸಣ್ಣ ಮಕ್ಕಳು ಹೊಟ್ಟಿ ನೋವು ಅಂತನೂ ಅಂತಾವ. ಕೆಮ್ಮ ಇರೂದಿಲ್ಲ, ನೆಗಡಿ ಇರೂದಿಲ್ಲ."

ನಾವು ತಿಳಿದದ್ದು ಪೂರ್ತಿ ಉಲ್ಟಾ. ಕೆಮ್ಮಿಲ್ಲ, ಹಾಗಾದರೆ ಏನೂ ಇಲ್ಲ ಎಂದೇ ಪಂಚಮಿಯಲ್ಲಿ ಸುಮ್ಮನಾದದ್ದು. "ಚುಕ್ಕೆ ಇರದಿದ್ದರೆ?" ಎಂದೆ. "ಇರದಿದ್ರೂ ಇರಬಹುದು," ಎಂದರು. ಇದು ಉತ್ತರವೇ?

೧೬ ಸೆಪ್ಟೆಂಬರ್, ರವಿವಾರ

ಫಕ್ಕೀರಿಗೆ ಬೇರೆ ಲೋಟ, ಬೇರೆ ಟಾವೆಲ್, ಬೇರೆ ಹಾಸಿಗೆ. ಕೆಮ್ಮುವವರು ಬಾಯಿಗೆ ಬಟ್ಟೆ ಹಿಡಿಯಬೇಕು. ಎಲ್ಲ ನನ್ನ ಹುಕುಂ.

ಲೋಟದ ಮಾತಿಗೆ ಹುಚ್ಚವ್ವನಿಗೆ ಸಿಟ್ಟು. "ನಮ್ಮನ್ಯಾಗ ಯಾರೂ ಕಚ್ಚಿ ಕುಡಿಯೂದಿಲ್ರಿ. ಎತ್ತಿ ಕುಡಿತೀವಿ. ಚಾ ಕಚ್ಚಿ ಕುಡಿಯಾಕಿ ನೀವು ಒಬ್ಬಾಕಿ."

ನಿಜ. ನನ್ನ ಕಪ್ಪನ್ನು ಅವಳು ಇವತ್ತಿಗೂ ಬೂದಿ ಹಚ್ಚಿ ಬೇರೆಯಾಗಿ ತಿಕ್ಕುತ್ತಾಳೆ. ಇಂಥ ಮನೆಯಲ್ಲಿ ಬಾಯಿಂದ ಬಾಯಿಗೆ ರೋಗ ಎಲ್ಲಿಂದ ದಾಟಬೇಕು? ಸಮಾಧಾನವಾಯಿತು.

ಹುಡುಗಿ ಗೆಲುವಾಗಿದ್ದಾಳೆ. ಕಾಲಿನ ಬಾವು ಇಳಿದಿದೆ. ಕೂತು ಕೂತು ಬೇಸರ ಎನ್ನುತ್ತಾಳೆ. ಅಪ್ಪನ ಮಗ್ಗದ ಪಕ್ಕದಲ್ಲಿ ಮಣೆ ಹಾಕಿ ಕೂರಿಸಿದ್ದಾರೆ. ಅಪ್ಪನೊಡನೆ ಹರಟೆ.

೨೭ ಸೆಪ್ಟೆಂಬರ್, ಗುರುವಾರ, ಸಂಜೆ

ಮತ್ತೆ ಬಂತು.

ಬೆಳಿಗ್ಗೆ ಶಾಲೆಗೆ ಹೊರಟ ನನ್ನನ್ನು ಅಮೃತವ್ವ ಮೆಟ್ಟಿಲಲ್ಲೇ ತಡೆದಳು. ಫಕ್ಕೀರಿಗೆ ಜ್ವರ. ಕೆಮ್ಮಿಲ್ಲ. ಬ್ಯಾಟರಿ ಹಿಡಿದು ಬಾಯೊಳಗೆ ನೋಡಿದೆ. ಕೆಂಪು, ಮೇಲೆ ಬಿಳಿ ಚುಕ್ಕೆಗಳು. ಬೆಳಕು ಜಾರಿ ಅವಳ ಮೂಗಿನ ಮೇಲೆ ಬಿತ್ತು. ನಕ್ಕಳು, ಪಾಪ.

ಗದಗಿಗೆ ಒಯ್ದೆವು. ಡಾಕ್ಟರು ಪೆನಿಸಿಲಿನ್ ಇಂಜೆಕ್ಷನ್ ಕೊಟ್ಟರು. ಬೇಗ ತಂದಿರಿ, ಒಳ್ಳೆಯದಾಯಿತು ಎಂದರು. ಆಮೇಲೆ ಕೇಳಿದರು: "ಎಲ್ಲಿಂದ ಬಂತಿದು? ಹುಡುಗಿ ಶಾಲಿಗಿ ಹೋಗವಲ್ಲದು, ಓಣಿಗಿ ಹೋಗವಲ್ಲದು. ಮನಿ ಒಳಗ ಯಾರಿಗೆ ಐತಿ?"

ಯಾರಿಗೂ ಇಲ್ಲ ಎಂದೆವು. ಲೋಟ ಬೇರೆ, ಹಾಸಿಗೆ ಬೇರೆ. ನಾವು ಸುಳ್ಳು ಹೇಳುತ್ತೇವೆ ಎಂಬಂತೆ ನೋಡಿದರು. ಯಾರು ಸುಳ್ಳು ಹೇಳುತ್ತಿದ್ದಾರೆಂದು ನಾನೂ ಎಲ್ಲರನ್ನೂ ನೋಡಿದೆ.

೨ ಅಕ್ಟೋಬರ್, ಮಂಗಳವಾರ

ಗಾಂಧಿ ಜಯಂತಿಯ ಸೂಟಿ. ಪ್ರಭಾತಫೇರಿ ಮುಗಿಸಿ ಬಂದು ಕೆಳಗೆ ಕೂತೆ. ಹಗಲು ಹೊತ್ತಿನಲ್ಲಿ ಈ ಮಗ್ಗವನ್ನು ನಾನು ಹತ್ತಿರದಿಂದ ನೋಡಿದ್ದು ಇದೇ ಮೊದಲೇನೋ. ಬರೀ ಕೇಳಿದ್ದೆ.

ಅತ್ತಿಂದಿತ್ತ ಓಡುವ ಲಾಳಿಯೊಳಗೆ, ನೂಲು ಸುತ್ತಿದ ಕಂಡಿಕೆ ಖಾಲಿಯಾಯಿತು. ಸಕ್ರಪ್ಪ ನೋಡದೆಯೇ ಲಾಳಿಯನ್ನು ಮಗಳ ಕಡೆ ಚಾಚಿದ. ಫಕ್ಕೀರಿ ಹೊಸ ಕಂಡಿಕೆ ಕೂಡಿಸಿದಳು. ನೂಲಿನ ತುದಿಯನ್ನು ಲಾಳಿಯ ಪಕ್ಕದ ತೂತಿನ ಒಳಬದಿಗೆ ಹಿಡಿದು, ಹೊರಗಿನಿಂದ ತೂತಿಗೆ ತುಟಿ ಇಟ್ಟು ಒಮ್ಮೆ ಹೀರಿದಳು. ನೂಲು ಹೊರಗೆ ಬಂತು. ಅಪ್ಪನಿಗೆ ಕೊಟ್ಟಳು.

"ಅಕ್ಕೋರ, ಅಪ್ಪಗಿಂತಾ ನಾ ಜಲ್ದಿ!"

ಮುಂದಿನ ಸಲ ಅವಳಿಗೆ ಬೇಸರ. ಅಮೃತವ್ವ ಬಂದು ಅದೇ ಲಾಳಿಗೆ ಬಾಯಿಟ್ಟಳು. ಆಮೇಲೆ ಸಕ್ರಪ್ಪ. ಮತ್ತೆ ಫಕ್ಕೀರಿ.

ಎತ್ತಿ ಕುಡಿಯುವ ಮನೆ.

ಅಮೃತವ್ವ ಉಗುಳು ನುಂಗುವಾಗ ಕಣ್ಣು ಕಿರಿದು ಮಾಡಿದ್ದು ಆಗ ಕಂಡಿತು. ಹಿತ್ತಲಿಗೆ ಕರೆದು ಕೇಳಿದೆ.

"ಪಂಚಮಿಯಿಂದ ಬರತೈತಿ, ಹೋಗತೈತ್ರಿ. ಸೊಸಿಗೆ ಗಂಟಲು ನೋವಂದ್ರ ಯಾರ ಕೇಳತಾರ?"

"ಡಾಕ್ಟರು ಕೇಳಿದರಲ್ಲ!"

"ಮಕ್ಕಳದು ಕೇಳತಾರಂತ ತಿಳಕೊಂಡೆ."

೫ ಅಕ್ಟೋಬರ್

ಅಮೃತವ್ವನಿಗೆ ಇಂಜೆಕ್ಷನ್. ಮನೆಯವರೆಲ್ಲರ ಗಂಟಲನ್ನೂ ಡಾಕ್ಟರು ನೋಡಿದರು. ಹುಚ್ಚವ್ವ ಮಾತ್ರ ದವಾಖಾನೆಯ ಮೆಟ್ಟಿಲು ಹತ್ತುವುದಿಲ್ಲ ಎಂದು ಬರಲಿಲ್ಲ.

ಸಕ್ರಪ್ಪ ಮಕ್ಕಳೊಡನೆ ಹೊರಗೆ ಹೋದ ಮೇಲೆ ಲಾಳಿಯ ಸಂಗತಿ ಹೇಳಿದೆ. ಕನ್ನಡಕ ತೆಗೆದು ಒರೆಸಿಕೊಂಡರು. "ಇರಬಹುದು. ಒಂದ ಮನ್ಯಾಗ ಇರತೀರಿ, ಮಾತಾಡತೀರಿ, ಕೆಮ್ಮತೀರಿ, ಮಗ್ಗುಲದಾಗ ಕುಂಡ್ರತೀರಿ. ಹಂಗೂ ಬಂದಿರಬಹುದು. ಲಾಳಿಯಿಂದನ ಬಂತು ಅಂತ ಹೆಂಗ ಹೇಳ್ಲಿ? ಆದ್ರ ಬಾಯಿ ಹಚ್ಚೂದು ಬಿಡಸ್ರಿ."

ಖಚಿತವಿಲ್ಲದ್ದನ್ನು ಖಚಿತವಾಗಿ ಬಿಡಿಸಬೇಕು. ಹೇಗೆ? ಅಮೃತವ್ವ ಗಂಡನಿಗೆ ಹೇಳುತ್ತೇನೆ ಎಂದಳು. ಅತ್ತೆಗೆ ಹಬ್ಬದ ನಂತರ.

೧೩ ಅಕ್ಟೋಬರ್, ಶನಿವಾರ, ಖಂಡೆ ಪೂಜೆ

ಎಲ್ಲ ಕೆಡಿಸಿದೆ.

ಆಯುಧಪೂಜೆಗೆಂದು ಮಗ್ಗ ತೊಳೆದು ಚೆಂಡುಹೂ ಕಟ್ಟಿದ್ದರು. ಮಣೆಯ ಮೇಲೆ ಲಾಳಿಗಳು, ಕುಂಕುಮ. ಓಣಿಯ ಹೆಂಗಸರು ಬಂದಿದ್ದರು. ಹೊಳ್ಯಾ ಒಂದು ಲಾಳಿ ಎತ್ತಿಕೊಂಡು ಅಕ್ಕನಂತೆ ಬಾಯಿಗೆ ಹಚ್ಚಿದ. ಕಸಿದುಕೊಂಡೆ. ಬಾಯಿಂದ ಬಂದೇ ಬಿಟ್ಟಿತು: "ಎಂಜಲು ಲಾಳಿ, ಹಚ್ಚಬೇಡ!"

ಹೆಂಗಸರೆಲ್ಲ ಇತ್ತ ತಿರುಗಿದರು.

"ಏನಂದ್ರಿ?" ಹುಚ್ಚವ್ವ ಆರತಿ ತಟ್ಟೆ ಕೆಳಗಿಟ್ಟಳು. "ಎಂಜಲಾ? ಮಗ್ಗಕ್ಕ ಎಂಜಲಾ? ಇದರಾಗ ನೇಯ್ದ ಸೀರಿ ಬನಶಂಕ್ರಿಗೆ ಉಡಸ್ತೀವಿ. ಮದಲಗಿತ್ತಿಗೆ ಉಡಸ್ತೀವಿ. ನೀವೂ ಉಟ್ಟೀರಲ್ಲ ಮೈಮ್ಯಾಲ, ಅದೆಲ್ಲಿದು? ನಮ್ಮ ಸಕ್ರ್ಯಾ ನೇಯ್ದದ್ದಲ್ಲ? ಬಿಚ್ಚಿ ಇಡ್ರಿ ಹಂಗಾರ!"

ಯಾರೋ ನಕ್ಕರು. ಯಾರೋ "ಕಲತವರು" ಎಂದರು.

ಇಷ್ಟು ವರ್ಷ ಶಬ್ದಗಳ ಜೊತೆ ಬದುಕಿದವಳು. ಎಂ.ಎ. ಮಾಡಿದವಳು. "ಉಗುಳು" ಎನ್ನಬಹುದಿತ್ತು. ಏನೂ ಅನ್ನದೆ ಸುಮ್ಮನೆ ತೆಗೆದುಕೊಳ್ಳಬಹುದಿತ್ತು. ಆ ಸೀರೆಯನ್ನೇ ಉಟ್ಟು ಕೂತು ಬರೆಯುತ್ತಿದ್ದೇನೆ. ಇದು ಎಂಜಲೇ? ಅಲ್ಲ. ಆದರೆ ಲಾಳಿ...

೨೪ ಅಕ್ಟೋಬರ್

ಕೆಳಗಿನಿಂದ ದಿನವೂ ನನಗೆ ಬರುತ್ತಿದ್ದ ರೊಟ್ಟಿ ನಿಂತಿದೆ. ಅನ್ನ ಮಾಡಿಕೊಳ್ಳುತ್ತೇನೆ. ಹುಚ್ಚವ್ವ ಎದುರಾದರೆ ಗೋಡೆ ನೋಡುತ್ತಾಳೆ. ಸಾರ್ವಜನಿಕ ನಳದ ಹತ್ತಿರ ನೆರೆಯವಳು ಅಮೃತವ್ವನನ್ನು ಕೇಳಿದಳಂತೆ: "ನಿಮ್ಮ ಸೀರಿ ತೊಕ್ಕೊಂಡು ಮೊದ್ಲ ತೊಳೀಬೇಕೇನ?"

ಮನೆ ಬದಲಿಸಿಬಿಡಲೇ? ಹೋದರೆ ಫಕ್ಕೀರಿಯ ಗಂಟಲು ಯಾರು ನೋಡುತ್ತಾರೆ. ಇದ್ದರೆ ನನ್ನ ಮೇಲಿನ ಹಟಕ್ಕಾದರೂ ಹುಚ್ಚವ್ವ ಲಾಳಿಗೆ ಬಾಯಿ ಹಚ್ಚಿಸುತ್ತಾಳೆ. ಯಾವುದು ಆ ಹುಡುಗಿಗೆ ಒಳ್ಳೆಯದು, ಲೆಕ್ಕ ಹತ್ತುತ್ತಿಲ್ಲ. ಕವನ ಓದಲು ಹಿಡಿದರೆ ಅರ್ಥ ಎರಡೆರಡಾಗಿ ಕಾಣುತ್ತದೆ. ಬೇರೆ ದಿನವಾದರೆ ಅದೇ ಸುಖ.

೨೬ ಅಕ್ಟೋಬರ್, ಶುಕ್ರವಾರ

ಸಕ್ರಪ್ಪ ಮೆಟ್ಟಿಲ ತುದಿಯಲ್ಲಿ ನಿಂತು ಕೆಮ್ಮಿದ. ಬಾಯಿಗೆ ಟಾವೆಲ್ ಹಿಡಿದು ಕೆಮ್ಮಿದ! ನಗು ಬಂತು, ಬಹಳ ದಿನದ ಮೇಲೆ.

"ಅಕ್ಕೋರ, ನಿಮ್ಮ ಕಡೆ ಲೇಸ ಹೆಣಿಯೂ ಸೂಜಿ ಐತಲ್ಲ, ತುದಿ ಕೊಕ್ಕಿ ಇದ್ದದ್ದು... ಒಂದ ಕೊಡ್ರಿ."

ಕ್ರೋಶಾ ಸೂಜಿ. ಎಲ್ಲಕ್ಕಿಂತ ಸಣ್ಣದು ಹುಡುಕಿ ಕೊಟ್ಟೆ. ತಂದಿದ್ದ ಲಾಳಿಯ ತೂತಿನಿಂದ ಒಳಗೆ ತೂರಿಸಿ ನೂಲಿನ ತುದಿ ಹಿಡಿದು ಎಳೆದು ತೋರಿಸಿದ. ಬಾಯಿಗಿಂತ ತಡ, ಎರಡು ಸಲ ಜಾರಿತು.

"ಕೈ ಹೊಂದಿದ್ರ ಆತು. ಅವ್ವಗ ಹೇಳಬ್ಯಾಡ್ರಿ."

"ನಿನಗೆ ನಂಬಿಕೆ ಬಂತೇ ಸಕ್ರಪ್ಪ?"

"ನನಗೇನ ತಿಳೀತೈತ್ರಿ. ನನ್ನ ಮಗಳ ಎದಿಗೆ ಕಿವಿ ಹಚ್ಚತೀನಿ ದಿನಾ. ನನಗ ಏನೂ ಕೇಳೂದಿಲ್ಲ. ಡಾಕ್ಟರಗ ಕೇಳತೈತಿ. ಹಂಗ ಇದೂ ಇರಬೇಕಂತ."

೧ ನವೆಂಬರ್, ಗುರುವಾರ

ಇವತ್ತಿನಿಂದ ನಾವು ಮುಂಬಯಿ ರಾಜ್ಯದವರಲ್ಲ. ಮೆರವಣಿಗೆ, ಬಾಜಾ, ಸಕ್ಕರೆ ಹಂಚಿದರು. ಲಕ್ಷ್ಮೇಶ್ವರದ, ಶಿರಹಟ್ಟಿಯ ಜನವೂ ಬಂದಿದ್ದರು. ಫಕ್ಕೀರಿ ನಡೆಯುವ ಹಾಗಿಲ್ಲ, ಗದ್ದಲದೊಳಗೂ ಬೇಡ. ಸಕ್ರಪ್ಪ ಕಟ್ಟೆಯ ಮೇಲೆ ಹೆಗಲಿಗೇರಿಸಿ ನಿಂತು ತೋರಿಸಿದ.

"ರಾಜ್ಯ ಎಲ್ಲೈತ್ಯೋ ಅಪ್ಪಾ?"

"ಇದ ನೋಡವಾ."

"ಇದು ಗದಗಲ್ಲೇನು?"

ಏನೋ ಸೇರಿತು, ನಿಜ. ಕಣ್ಣಿಗೆ ಕಾಣುವುದಿಲ್ಲ, ಅಷ್ಟೆ.

೮ ನವೆಂಬರ್

ಡಾಕ್ಟರು ಕೊಳವೆ ಹಚ್ಚಿ ಕೇಳಿದರು. "ಸಪ್ಪಳ ಕಡಿಮಿ ಆದಂಗ ಅನಸತೈತಿ." ಅನಸತೈತಿ! ಅವರಿಗೂ ಅನಿಸುವುದಷ್ಟೇ. ತಿಂಗಳಿಗೊಮ್ಮೆ ತೋರಿಸಬೇಕು. ಗಂಟಲು ಕೆಂಪಾದರೆ ಅದೇ ದಿನ ಬರಬೇಕು. "ಕಾಯಬ್ಯಾಡ್ರಿ. ತಾನ ಹೋಗತೈತಿ ಅನ್ನಬ್ಯಾಡ್ರಿ."

ಕ್ರೋಶಾ ಸೂಜಿಯನ್ನು ಹುಚ್ಚವ್ವ ಕಂಡಿರಬೇಕು. ಮಗ್ಗದ ಕಂಬಕ್ಕೆ ದಾರ ಕಟ್ಟಿ ತೂಗುಹಾಕಿದ್ದಾರಲ್ಲ. ಬಿಚ್ಚಿ ಎಸೆದಿಲ್ಲ. ರೊಟ್ಟಿ ಇನ್ನೂ ಬಂದಿಲ್ಲ.

೧೯ ನವೆಂಬರ್, ಸೋಮವಾರ, ಬೆಳಿಗ್ಗೆ

ಟಾಂಗಾ ಬರುವವರೆಗೆ ಇದನ್ನು ಬರೆಯುತ್ತೇನೆ, ಕೈಗೆ ಬೇರೆ ಕೆಲಸ ಸಿಗುತ್ತಿಲ್ಲ.

ಫಕ್ಕೀರಿ ಎದ್ದವಳೇ ಹೊಟ್ಟೆ ನೋವು ಎಂದಳು. ಹಾಲು ಬೇಡ ಎಂದಳು. ಮೈ ಬೆಚ್ಚಗಿದೆ, ಜ್ವರವೆನ್ನಲು ಆಗದು. ಕೆಮ್ಮಿಲ್ಲ. ಕಿಟಕಿಯ ಬೆಳಕಿಗೆ ತಿರುಗಿಸಿ ನೋಡಿದೆ. ಕೆಂಪು. ನಿನ್ನೆಯೂ ಇಷ್ಟೇ ಕೆಂಪಿತ್ತೇ? ದಿನಾ ನೋಡಿ ನೋಡಿ ಈಗ ಎಲ್ಲರ ಗಂಟಲೂ ಕೆಂಪಾಗಿಯೇ ಕಾಣುತ್ತದೆ. ಬಿಳಿ ಚುಕ್ಕೆ ಇಲ್ಲ. ಇದೆಯೋ, ಅದು ಹಾಲಿನ ಕೆನೆಯೋ... ಹಾಲು ಕುಡಿದಿಲ್ಲವಲ್ಲ.

"ಗೊತ್ತಾಗುತ್ತಿಲ್ಲ," ಎಂದೆ. ಜೋರಾಗಿ ಹೇಳಿದೆ, ಎಲ್ಲರಿಗೂ ಕೇಳುವಂತೆ.

"ಸಂಜಿ ಮಟಾ ನೋಡೂಣೇನ್ರಿ?" ಎಂದ ಸಕ್ರಪ್ಪ. ಮಗ್ಗದ ಮೇಲೆ ಮದುವೆಯ ಸೀರೆ, ಇವತ್ತು ಕೊಡಬೇಕಾದದ್ದು. ಸೆರಗು ಉಳಿದಿತ್ತು.

ಹುಚ್ಚವ್ವ ಒಲೆಯ ಮುಂದಿನಿಂದ ಎದ್ದು ಬಂದಳು. ಮಗನ ಕೈಯಿಂದ ಲಾಳಿ ತೆಗೆದುಕೊಂಡಳು.

"ಮಗ್ಗ ಬಿಟ್ಟ ಏಳು."

"ಅವ್ವಾ, ಸೀರಿ ಇವತ್ತ —"

"ಉಟಗೊಳ್ಳಾಕಿ ನಾಳಿ ಉಟಗೋತಾಳ. ಟಾಂಗಾ ತರಲೇ." ಆಮೇಲೆ ನನ್ನ ಕಡೆ ನೋಡದೆ: "ಲಾಳಿದಲ್ಲ ಇದು. ಮೊದ್ಲ ಹೇಳತೀನಿ, ಲಾಳಿದಲ್ಲ. ಆದ್ರ ನನಗೂ ಗೊತ್ತಾಗವಲ್ದು. ನೀವೂ ನಡೀರಿ. ಆ ಡಾಕ್ಟರ ಇಂಗ್ಲಿಷನ್ಯಾಗ ಅಂದದ್ದು ನನಗ ಯಾರ ಹೇಳಬೇಕು?"

ತಾನೂ ಬರುತ್ತಾಳಂತೆ. ಗದಗಿನ ದವಾಖಾನೆಯ ಮೆಟ್ಟಿಲು ಹತ್ತುವುದಿಲ್ಲ ಎಂದಿದ್ದವಳು.

ಟಾಂಗಾ ಬಂತು. ಫಕ್ಕೀರಿ ಅಜ್ಜಿಯ ತೊಡೆಯ ಮೇಲೆ, ಬಾಯಿ ಬಿಗಿಯಾಗಿ ಮುಚ್ಚಿಕೊಂಡು. ಹುಚ್ಚವ್ವ ಕೆಳಗಿಂದ ಕೂಗುತ್ತಿದ್ದಾಳೆ — ಅಕ್ಕೋರ, ಬರಿಯೂದು ಆಮ್ಯಾಲ, ಮೊದ್ಲ ಇಕಿ ಗಂಟಲಾ —