ಸೋಫಾದ ಮೇಲೆ ಯಾರು ಮಲಗುವುದು?

ಸೋಮವಾರ, ಮಧ್ಯಾಹ್ನ

ಗುಬ್ಬಿಯ ಅಪ್ಪನವರಿಗೆ,

ಈ ಕಾಗದವನ್ನು ಹೇಗೆ ಶುರುಮಾಡಬೇಕೆಂದು ತಿಳಿಯದೆ ಆಗಲೇ ಒಂದಷ್ಟು ಹಾಳೆ ಹರಿದು ಹಾಕಿದ್ದೇನೆ. ‘ಪ್ರೀತಿಯ’ ಎಂದು ಬರೆದರೆ ನೀವು ನಗುತ್ತೀರಿ. ‘ಮಾನ್ಯರೇ’ ಎಂದರೆ ಯಾವುದೋ ಕಟ್ಟಡದ ಲಿಫ್ಟು ಕೆಟ್ಟಿದೆ ಎಂದು ಉಪಕರಣದ ಚೀಲ ಹೆಗಲಿಗೇರಿಸುತ್ತೀರಿ. ನಾವಿಬ್ಬರೂ ಗುಬ್ಬಿಯ ಅಪ್ಪ ಅಮ್ಮ ಎನ್ನುವುದರಲ್ಲಿ ಮಾತ್ರ ಸದ್ಯಕ್ಕೆ ಅನುಮಾನವಿಲ್ಲ, ಅದನ್ನೇ ಬರೆದೆ. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಮಗೆ ಮೂರನೇ ಮಾತಿಗೇ ಜಗಳ ಹತ್ತುತ್ತದೆ, ನಾಲ್ಕನೆಯದಕ್ಕೆ ನಿಮಗೆ ಸಿಗ್ನಲ್ ಹೋಗುತ್ತದೆ. ಕಾಗದದಲ್ಲಿ ಆ ಅನುಕೂಲ ನಿಮಗಿಲ್ಲ.

ನಿನ್ನೆ ಗುಬ್ಬಿ ವಿಡಿಯೋ ಕಾಲಿನಲ್ಲಿ ಹೇಳಿದಳಲ್ಲ, ಹೆರಿಗೆಗೆ ಮುಂಚೆ ಎಲ್ಲರೂ ಒಂದು ವಾರ ಸಮುದ್ರದ ಹತ್ತಿರ ಮನೆ ಹಿಡಿದು ಇರೋಣ ಎಂದು. ನೀವು ಪ್ರತಿ ಭಾನುವಾರದ ಹಾಗೆ ಅವಳ ಕಾಲಿನ ಹೊತ್ತಿಗೆ ಬಂದು ನನ್ನ ಪಕ್ಕದಲ್ಲಿ ಕೂತು, ಧಾರಾಳವಾಗಿ ತಲೆಯಾಡಿಸಿ, ಅದಕ್ಕೇನಂತೆ, ನಿಮ್ಮಮ್ಮ ನೋಡಿ ಬುಕ್ ಮಾಡ್ತಾಳೆ ಬಿಡು, ಅಂದಿರಿ. ಫೋನ್ ಇಟ್ಟ ಮೇಲೆ ಕಾಫಿ ಆರುವ ಮೊದಲೇ ಶೂ ಹಾಕಿಕೊಂಡು ಬೇಕರಿಯ ಮೇಲಿನ ನಿಮ್ಮ ಕೋಣೆಗೆ ಹೊರಟುಬಿಟ್ಟಿರಿ. ಊದೋ ಶಂಖ ಊದಿ ಹೋದಿರಿ, ಈಗ ಒದ್ದಾಡುತ್ತಿರುವವಳು ನಾನು.

ಇವತ್ತು ಬೆಳಿಗ್ಗೆ ಅವಳು ಫೋಟೋಗಳನ್ನು ಕಳಿಸಿದ್ದಾಳೆ. ಒಬ್ಬ ಹೆಂಗಸು ಬಾಡಿಗೆಗೆ ಕೊಡುವ ಮನೆಗಳಂತೆ. ಹೋಟೆಲಲ್ಲ. ಒಲೆ, ಪಾತ್ರೆ, ಫ್ರಿಜ್ ಎಲ್ಲ ಇರುತ್ತದೆ, ಅಡುಗೆ ನಾವೇ ಮಾಡಿಕೊಳ್ಳಬೇಕು. ಹೋಟೆಲಾಗಿದ್ದರೆ ನಿಮ್ಮ ಗೊರಕೆಯ ನೆಪ ಹೇಳಿ ಎರಡು ರೂಮು ತೆಗೆದುಕೊಂಡು ಮಾನ ಉಳಿಸಿಕೊಳ್ಳಬಹುದಿತ್ತು. ಮನೆ ಅಂದರೆ ಹಾಗಲ್ಲ. ಒಂದೇ ಬಾಗಿಲು, ಒಂದೇ ಬಚ್ಚಲು, ಒಂದೇ ಅಡುಗೆಮನೆ.

ಮರಳಿಗೆ ಅಂಟಿಕೊಂಡಂತಿರುವ ಮನೆಯಲ್ಲಿ ಎರಡು ಕೋಣೆ. ಒಂದರಲ್ಲಿ ಗುಬ್ಬಿ, ಅಳಿಯ. ಇನ್ನೊಂದರಲ್ಲಿ ಗೋಡೆಯಿಂದ ಗೋಡೆಗೆ ಒಂದೇ ಮಂಚ, ಮಧ್ಯೆ ಒಂದು ಕುರ್ಚಿ ಇಡಲೂ ಜಾಗವಿಲ್ಲ. ಗುಡ್ಡದ ಮೇಲಿನದರಲ್ಲಿ ಎರಡು ಬೇರೆ ಬೇರೆ ಮಂಚಗಳಿವೆ, ಆದರೆ ಬಸುರಿ ಹುಡುಗಿಯನ್ನು ಅಷ್ಟು ಮೆಟ್ಟಿಲು ಹತ್ತಿಸಲು ನನಗೆ ಮನಸ್ಸಿಲ್ಲ, ಅಲ್ಲಿ ನಿಮ್ಮ ಲಿಫ್ಟೂ ಇಲ್ಲ. ಉಳಿದಿದ್ದು ಬಿಳಿ ಕಿಟಕಿಯ ಮನೆ. ಅದರಲ್ಲಿಯೂ ಎರಡೇ ಕೋಣೆ, ನಮ್ಮ ಪಾಲಿಗೆ ಒಂದೇ ಮಂಚ, ಆದರೆ ಹಾಲಿನಲ್ಲಿ ಎಳೆದರೆ ಹಾಸಿಗೆಯಾಗುವ ಸೋಫಾ ಇದೆ. ಬೆಳಿಗ್ಗೆಯಿಂದ ನಾನು ನೋಡುತ್ತಿರುವುದು ಸಮುದ್ರವನ್ನಲ್ಲ, ಆ ಸೋಫಾವನ್ನು. ಅದರ ಮೇಲೆ ಯಾರು ಮಲಗುವುದು? ನೀವು ಮಲಗಿದರೆ ಅಪ್ಪ ಯಾಕೆ ಹೊರಗೆ ಅಂತ ಮಗಳು ಕೇಳುತ್ತಾಳೆ. ನಾನು ಮಲಗಿದರೆ ಅಳಿಯ ಕೇಳುತ್ತಾನೆ. ಯಾರೂ ಮಲಗದಿದ್ದರೆ ನಾವಿಬ್ಬರೇ ಒಬ್ಬರನ್ನೊಬ್ಬರು ಕೇಳಿಕೊಳ್ಳಬೇಕು.

ಕನ್ನಡಕದ ಅಂಗಡಿಯಲ್ಲಿ ದಿನವಿಡೀ ನಾನು ಗಾಜು ಬದಲಿಸಿ ಬದಲಿಸಿ, ಇದು ಸ್ಪಷ್ಟಾನಾ, ಅದು ಸ್ಪಷ್ಟಾನಾ, ಎಂದು ಕೇಳುವವಳು. ಎರಡೂ ಒಂದೇ ಥರ ಕಾಣತ್ತೆ ಮೇಡಂ ಎನ್ನುವವರ ಮೇಲೆ ಒಳಗೊಳಗೇ ಸಿಡುಕುತ್ತಿದ್ದೆ. ಇವತ್ತು ಅವರ ಕಷ್ಟ ಅರ್ಥವಾಯಿತು.

ನಾವು ಬೇರೆ ಬೇರೆ ಇದ್ದೇವೆ ಎಂದು ಮಗಳಿಗೆ ನಿಜ ಹೇಳಿಬಿಟ್ಟರೆ ಎಲ್ಲ ಸುಲಭ, ಗೊತ್ತು. ಮೊದಲು ಅವಳ ಹೊಸ ಕೆಲಸ ಎಂದು ಮುಚ್ಚಿಟ್ಟೆವು, ಆಮೇಲೆ ಬಸುರಿ ಎಂದು. ಈಗ ಏನೆಂದು ಹೇಳುವುದು? ಅಡುಗೆಮನೆಯ ನಲ್ಲಿ ಸೋರುತ್ತಿತ್ತು, ಊರಿನ ಲಿಫ್ಟನ್ನೆಲ್ಲ ರಿಪೇರಿ ಮಾಡುವ ನಿಮ್ಮಪ್ಪನಿಗೆ ಮನೆಯ ನಲ್ಲಿ ಕಾಣಲಿಲ್ಲ, ನಾನು ಪ್ಲಂಬರನ್ನು ಕರೆಸಿದೆ, ನಿಮ್ಮಪ್ಪನಿಗೆ ಅವಮಾನವಾಯಿತು ಎಂದೇ? ಕಡ್ಡಿಯನ್ನು ಗುಡ್ಡ ಮಾಡಿದ್ದು ಹೌದು. ಆದರೆ ಇಬ್ಬರೂ ಆ ಗುಡ್ಡದ ಆಚೆಗೊಬ್ಬರು ಈಚೆಗೊಬ್ಬರು ಕೂತು ಒಂದು ವರ್ಷ ಕಳೆದಿದ್ದೇವೆ. ಇಳಿಯುವ ದಾರಿ ನನಗಂತೂ ತಿಳಿಯುತ್ತಿಲ್ಲ. ನಿಮಗೆ ಇಳಿಯುವ ಮನಸ್ಸಿದೆಯೋ ಇಲ್ಲವೋ, ಅದೂ ತಿಳಿಯುತ್ತಿಲ್ಲ.

ಸೋಫಾ ವಿಷಯ ಏನು ಎಂದು ಬರೆದು ತಿಳಿಸಿ. ಇಲ್ಲ, ನಿಲ್ಲಿ. ನೀವು ಬರೆಯುವವರಲ್ಲ. ಮೊದಲು ಆ ಹೆಂಗಸಿಗೇ ಫೋನ್ ಮಾಡಿ, ಬೇರೆ ಮನೆ ಇದೆಯೇ ಕೇಳುತ್ತೇನೆ.

ಗುರುವಾರ, ಬೆಳಿಗ್ಗೆ

ಕಾಗದ ಅಂಚೆಗೆ ಹಾಕಲಿಲ್ಲ. ಹಾಕದಿದ್ದದ್ದೇ ಒಳ್ಳೆಯದಾಯಿತೋ ಏನೋ.

ನಿನ್ನೆ ಅಂಗಡಿಯಲ್ಲಿ ಗಿರಾಕಿ ಕಡಿಮೆಯಿದ್ದಾಗ ಮನೆಯ ಒಡತಿಗೆ ಫೋನ್ ಮಾಡಿದೆ. ಬಿಳಿ ಕಿಟಕಿಯ ಮನೆಯ ಸೋಫಾ ಎಷ್ಟು ಅಗಲ ಎಂದು ಕೇಳಿದೆ. ಅವಳ ಬಾಯಿಗೆ ಬಾಗಿಲಿಲ್ಲ ಕಣ್ರೀ. ಸೋಫಾ ಚಿಂತೆ ನಿಮಗ್ಯಾಕಮ್ಮಾ, ಹಿಂದುಗಡೆ ಮೂರು ಕೋಣೆ ಮನೆ ಇಟ್ಟಿದೀನಲ್ಲ, ನಿಮ್ಮ ಮಗಳು ಹೋದ ವಾರವೇ ಹೇಳಿದಾರೆ, ಅಪ್ಪನಿಗೊಂದು ಅಮ್ಮನಿಗೊಂದು ಕೋಣೆ ಬೇಕಾಗತ್ತೆ, ಅಮ್ಮ ತಾನಾಗೇ ಕೇಳಿದರೆ ಮಾತ್ರ ತೋರಿಸಿ ಅಂತ, ಅಂದಳು. ಆಮೇಲೆ, ಅಯ್ಯೋ, ನಾನು ಹೇಳಿದೆ ಅಂತ ಹೇಳಬೇಡಿ, ಎಂದೂ ಸೇರಿಸಿದಳು. ಕಣ್ಣಿನ ಪರೀಕ್ಷೆಗೆ ಬಂದಿದ್ದ ಒಬ್ಬರು ಗದ್ದವನ್ನು ಯಂತ್ರದ ಮೇಲಿಟ್ಟು ಕಾಯುತ್ತಲೇ ಇದ್ದರು. ಅವರಿಗೆ ಯಾವ ಗಾಜು ಹಾಕಿದೆನೋ ದೇವರೇ ಬಲ್ಲ, ಇವತ್ತು ಮತ್ತೆ ಬರಹೇಳಿದ್ದೇನೆ.

ಸಂಜೆ ಗುಬ್ಬಿಗೆ ಫೋನ್ ಮಾಡಿದೆ. ಅವಳು ಅಳಲಿಲ್ಲ, ರೇಗಲಿಲ್ಲ. ನಂಗೆ ಗೊತ್ತಮ್ಮಾ, ಮೊದಲಿನಿಂದ್ಲೂ ಗೊತ್ತು, ಅಂದಳು. ಯಾರು ಹೇಳಿದರು ಎಂದು ಕೇಳಿದೆ. ಯಾರೂ ಹೇಳಲಿಲ್ಲವಂತೆ, ನಿಮ್ಮ ಶರ್ಟು ಹೇಳಿತಂತೆ. ಅಪ್ಪ ಭಾನುವಾರ ಮನೇಲಿ ತೂತು ಬಿದ್ದ ಬನಿಯನ್ ಬಿಟ್ಟು ಬೇರೆ ಏನಾದ್ರೂ ಹಾಕ್ಕೊಂಡಿದ್ದು ನೋಡಿದೀಯಾ ನೀನು? ಈಗ ಪ್ರತಿ ಭಾನುವಾರ ಇಸ್ತ್ರಿ ಶರ್ಟು, ಬಾಚಿದ ತಲೆ. ಸ್ವಂತ ಮನೇಲಿ ಯಾರಮ್ಮಾ ಹಾಗೆ ಕೂರ್ತಾರೆ, ಅಂದಳು. ಹೆಣ್ಣು ನೋಡೋಕೆ ಬಂದವರ ಹಾಗೆ ಕೂತಿರ್ತಾರೆ, ಎಂದು ನಕ್ಕಳು ಬೇರೆ.

ನನಗೆ ನೆಮ್ಮದಿಯಾಗಬೇಕಿತ್ತು. ಗುಟ್ಟು ಕಾಯುವ ಕೆಲಸ ಮುಗಿಯಿತು, ನಿಮಗೊಂದು ಕೋಣೆ, ನನಗೊಂದು ಕೋಣೆ, ಸೋಫಾದ ತಂಟೆಯೇ ಇಲ್ಲ. ಆದರೆ ನಿಜ ಹೇಳುತ್ತೇನೆ, ನನಗೆ ಸಿಟ್ಟು ಬಂತು. ನನ್ನ ಕೈಯಲ್ಲಿದ್ದುದನ್ನು ಯಾರೋ ಕಿತ್ತುಕೊಂಡ ಹಾಗಾಯಿತು. ಏನನ್ನು ಕಿತ್ತುಕೊಂಡರು ಎಂದು ಯೋಚಿಸುತ್ತ ಬಸ್ಸಿನಲ್ಲಿ ನಮ್ಮ ಸ್ಟಾಪು ದಾಟಿ ಹೋದೆ. ತಿರುಗಿ ನಡೆದು ಬರುವಾಗ ಹೊಳೆಯಿತು, ಆ ಸೋಫಾದ ವಿಷಯಕ್ಕೆ ನೀವು ಏನು ಹೇಳುತ್ತೀರಿ ಎಂದು ಕೇಳಲು ನಾನು ಕಾಯುತ್ತಿದ್ದೆ.

ಇನ್ನೊಂದು. ನಾನು ಪಕ್ಕದಲ್ಲೇ ಕೂತಿರುತ್ತೇನೆ, ಕನ್ನಡಕ ಕೊಡುವ ಕೆಲಸದವಳು, ನನಗೆ ನಿಮ್ಮ ಶರ್ಟು ಕಾಣಲಿಲ್ಲ ನೋಡಿ. ಇಸ್ತ್ರಿಪೆಟ್ಟಿಗೆ ನನ್ನ ಮನೆಯಲ್ಲಿದೆ. ನಿಮಗೆ ಇಸ್ತ್ರಿ ಮಾಡಲು ಬರುವುದೂ ಇಲ್ಲ. ಅಂದರೆ ಪ್ರತಿ ವಾರ ಅಂಗಡಿಗೆ ಕೊಟ್ಟು ಮಾಡಿಸುತ್ತಿದ್ದೀರಾ? ಯಾರಿಗೋಸ್ಕರ? ಮಗಳಿಗೋಸ್ಕರ ಅನ್ನಬೇಡಿ. ಅವಳು ನಿಮ್ಮ ಬನಿಯನ್ ನೋಡಿಕೊಂಡೇ ಬೆಳೆದವಳು.

ಇಷ್ಟು ಬರೆದ ಮೇಲೂ ನನಗೆ ಏನು ಬೇಕು ಎಂದು ಸ್ಪಷ್ಟವಿಲ್ಲ. ನೀವು ವಾಪಸು ಬರಬೇಕು ಅಂತಲೋ, ಬಂದರೆ ಮತ್ತೆ ಅದೇ ರಗಳೆ ಅಂತಲೋ, ಎರಡೂ ಒಟ್ಟಿಗೆ ಅನ್ನಿಸುತ್ತದೆ. ಒಡತಿ ಇವತ್ತು ಮಧ್ಯಾಹ್ನದೊಳಗೆ ಯಾವ ಮನೆ ಎಂದು ಹೇಳಬೇಕಂತೆ, ಬೇರೆಯವರೂ ಕೇಳುತ್ತಿದ್ದಾರಂತೆ. ಮೂರು ಕೋಣೆಯದೇ ಬುದ್ಧಿವಂತಿಕೆ ಎಂದು ನನಗೂ ಗೊತ್ತು.

ಇಂತಿ,
ಇನ್ನೂ ಗಲಿಬಿಲಿಯಲ್ಲೇ ಇರುವ,
ಗುಬ್ಬಿಯ ಅಮ್ಮ

ತಾ.ಕ.: ಲಕೋಟೆ ಅಂಟಿಸುವ ಮುಂಚೆ ಒಡತಿಗೆ ಫೋನ್ ಮಾಡಿದೆ. ಮೂರು ಕೋಣೆಯ ಮನೆ ಬೇಡ ಅಂದೆ, ಬಿಳಿ ಕಿಟಕಿಯದನ್ನು ಬುಕ್ ಮಾಡಿದೆ. ಸೋಫಾಕ್ಕೆ ಹಾಸಿಗೆ ಹಾಕಿಸಲೇ ಎಂದು ಕೇಳಿದಳು. ಗೊತ್ತಿಲ್ಲ, ಬಂದ ಮೇಲೆ ನೋಡೋಣ ಅಂದೆ. ಅಲ್ಲಿ ಅಡುಗೆಮನೆಯ ನಲ್ಲಿ ಸ್ವಲ್ಪ ಸೋರುತ್ತದಂತೆ, ನಾವು ಬರುವುದರೊಳಗೆ ಪ್ಲಂಬರನ್ನು ಕರೆಸುತ್ತಾಳಂತೆ. ಬೇಡ, ಹಾಗೇ ಇರಲಿ, ನಮ್ಮ ಮನೆಯವರು ಬರ್ತಿದಾರೆ, ಅವರು ನೋಡ್ಕೋತಾರೆ, ಎಂದು ಹೇಳಿಬಿಟ್ಟಿದ್ದೇನೆ. ಸ್ಪ್ಯಾನರ್ ತನ್ನಿ. ಇಸ್ತ್ರಿ ಶರ್ಟು ಬೇಡ.