ನಿಂಬೆಹಣ್ಣಿನ ಮೇಲೆ ಕೂತ ಮಂಜುನಾಥಪ್ಪ

೧೭-೯-೧೯೬೬, ಶನಿವಾರ

ಬಾಲಕ್ಕೆ ಎರಡನೇ ಕೋಟ್ ಬಳಿದಾಯ್ತು. ಒಣಗುತ್ತಿದೆ. ಧೂಳು ಕೂರಬಾರದೆಂದು ಕಿಟಕಿ ಹಾಕಿದ್ದೇನೆ. ಅಡಿಗೆಮನೆಯಿಂದ ಮನೋರಮಾ ಕೂಗಿದಳು: "ಆ ಅಂಟಿನ ವಾಸನೆಲಿ ಒಗ್ಗರಣೆ ಘಮವೇ ಗೊತ್ತಾಗ್ತಿಲ್ಲೆ!" ವಾಯುಸೇನೆಯ ಮಹತ್ವವನ್ನು ಹೆಂಡತಿಯಾದವಳು ಅರಿಯಳು.

ನ್ಯಾಟ್ ವಿಮಾನ. ಹೋದ ವರ್ಷದ ಯುದ್ಧದಲ್ಲಿ ಹೆಸರು ಮಾಡಿದ್ದು. ಬೊಂಬಾಯಿಯಲ್ಲಿ ಹಡಗಿನ ಕೆಲಸದಲ್ಲಿರುವ ಭಾವಮೈದುನ ಇಂಗ್ಲೆಂಡಿನಿಂದ ತಂದ, ಬಿಡಿ ಚೂರುಗಳನ್ನು ಅಂಟಿಸಿ ಕಟ್ಟುವ ಪ್ಲಾಸ್ಟಿಕ್ ಕಿಟ್. ನಿಜವಾದದ್ದರ ಎಪ್ಪತ್ತೆರಡನೇ ಒಂದು ಪಾಲು — ಅಂಗೈ ಮೇಲೆ ಕೂರುತ್ತದೆ. ಬೇಸಿಗೆ ರಜೆ ಇದಕ್ಕೆ, ಮಳೆಗಾಲವೂ ಇದಕ್ಕೆ. ಇಂಗ್ಲಿಷರ ಗುರುತು ಬಿಟ್ಟು ನಮ್ಮ ತ್ರಿವರ್ಣದ ಚಕ್ರ ನಾನೇ ಬರೆದೆ. ಮೂರೇ ಕೂದಲಿನ ಕುಂಚ, ಬಿಗಿಹಿಡಿದ ಉಸಿರು. ಪೈಲಟ್ ಮಾತ್ರ ಬಾಕಿ. ಉಗುರಿನಷ್ಟು ಮನುಷ್ಯ, ಡಬ್ಬಿಯಲ್ಲಿ ಬಣ್ಣಕ್ಕೆ ಕಾಯುತ್ತಿದ್ದಾನೆ.

ಸಂಜೆ ಪಕ್ಕದ ಮನೆ ಮಂಜುನಾಥಪ್ಪ ಬಂದ. ಅಕ್ಕಿ ಮಿಲ್ಲಿನ ಸಾಹುಕಾರ, ಹೊಸನಗರದ ನಮ್ಮ ಬೀದಿ ಗಣಪತಿ ಸಮಿತಿಗೆ ಅಧ್ಯಕ್ಷ. ಬಾಗಿಲಲ್ಲಿ ಮೊದಲು ಹೊಟ್ಟೆ, ಆಮೇಲೆ ಮೀಸೆ, ಕಡೆಗೆ ಅವನು.

"ಮೇಷ್ಟ್ರೇ, ನಿಮ್ಮ ಇಮಾನ ಐದು ದಿನಕ್ಕೆ ಕೊಡಿ. ಗಣಪತಿ ತಲೆ ಮೇಲೆ ಹಾರೋ ಹಂಗೆ ಕಟ್ತೀನಿ."

"ಪೈಲಟ್ ಇನ್ನೂ ಕೂತಿಲ್ಲ."

"ಗಣಪತಿ ಇರಬೇಕಾದ್ರೆ ಪೈಲಟ್ ಎಂತಕ್ಕೆ ಮಾರಾಯ್ರೆ!"

ಕೊಟ್ಟೆ. ಡ್ರಾಯಿಂಗ್ ಮೇಷ್ಟ್ರನ್ನು ಊರು ಒಂದು ಸಲವಾದರೂ ತಲೆಯೆತ್ತಿ ನೋಡಲಿ ಅನ್ನುವ ಚಪಲ.

೧೮-೯, ಚೌತಿ

ವಿಮಾನ ಸತ್ತಿತು.

ಮಹಾಮಂಗಳಾರತಿ. ಭಟ್ಟರ ಕೈಯಿಂದ ತಟ್ಟೆ ಕಸಿದುಕೊಂಡು ಮಂಜುನಾಥಪ್ಪ ತಾನೇ ಎತ್ತಿದ. ಮುಷ್ಟಿಗಟ್ಟಲೆ ಕರ್ಪೂರ. ಕಿರೀಟ ಬೆಳಗಬೇಕಂತೆ — ಇನ್ನೂ ಎತ್ತರ, ಇನ್ನೂ ಎತ್ತರ. ಮೊದಲು ಮೂತಿ ಬಾಗಿತು. ಆಮೇಲೆ ರೆಕ್ಕೆಗಳು, ಕಾದ ಎಣ್ಣೆಗೆ ಬಿಟ್ಟ ಹಪ್ಪಳದ ಹಾಗೆ ಮುದುರಿದವು. ಒಂದು ತೊಟ್ಟು ಗಣಪನ ಸೊಂಡಿಲ ಮೇಲೆ ಬಿತ್ತು. ಜನ ಜಯಕಾರ ಹಾಕುತ್ತಿದ್ದಾರೆ. ನಾನು ಕೈಮುಗಿದು ನಿಂತಿದ್ದೆ. ಮಂಗಳಾರತಿಯ ಮಧ್ಯೆ "ನಿಲ್ಸೋ ಪಾಪಿ" ಅಂತ ಯಾವ ಶಾಸ್ತ್ರದ ಪ್ರಕಾರ ಕೂಗೋದು?

ಮುಗಿದ ಮೇಲೆ ಹತ್ತಿರ ಬಂದ. ಕೈಗೆ ಒಂದು ಬಾಳೆಹಣ್ಣು ಇಟ್ಟ.

"ದೇವರ ಪಾಲಾಯ್ತು ಬಿಡಿ ಮೇಷ್ಟ್ರೇ. ಇಂಥ ಪುಣ್ಯ ಯಾರಿಗುಂಟು!"

ತಪ್ಪಾಯ್ತು ಅನ್ನಲಿಲ್ಲ. ಮೂರಕ್ಷರ. ಅಷ್ಟು ಸಾಕಿತ್ತು ನನಗೆ. ಬಾಳೆಹಣ್ಣು ಪ್ರಸಾದವಾದ್ದರಿಂದ ತಿಂದೆ. ದ್ವೇಷದಿಂದ ತಿಂದೆ.

೨೫-೯, ಭಾನುವಾರ

ಸೇಡಿನ ವಿಷಯ ಒಂದು ವಾರದಿಂದ ಗಂಭೀರ ಆಲೋಚನೆ. ಕೋರ್ಟಿಗೆ ಹೋಗೋಣವೆಂದರೆ ಒಂದನೇ ಪ್ರತಿವಾದಿ ಗಣಪತಿಯಾಗುತ್ತಾನೆ. ಹೊಡೆಯೋಣವೆಂದರೆ ನನ್ನ ತೋಳು ಅವನ ಮುಂಗೈಯಷ್ಟಿದೆ. ಬೈಯೋಣವೆಂದರೆ, ದಿನಾ ಬೆಳಿಗ್ಗೆ "ಕಾಫಿ ಆಯ್ತಾ ಮೇಷ್ಟ್ರೇ" ಅಂತಾನೆ. ಅಭ್ಯಾಸಬಲ, "ಆಯ್ತು" ಅಂದುಬಿಡುತ್ತೇನೆ.

ಆದರೂ ಆ ಮೂರಕ್ಷರ ಅವನ ಬಾಯಿಂದ ಹೊರಡಿಸದೆ ಬಿಡುವವನಲ್ಲ.

೯-೧೦, ಭಾನುವಾರ

ಮನೋರಮಾ ಸಾಗರದ ತವರಿಗೆ ಹೋಗಿದ್ದಾಳೆ. ನವರಾತ್ರಿ, ತಂಗಿಯ ಬಾಣಂತನ, ಎಲ್ಲ ಮುಗಿಸಿ ಬರುವುದು ದೀಪಾವಳಿಯ ಮೇಲೆ. ಮನೆಯಲ್ಲಿ ಅಂಟಿನದೇ ರಾಜ್ಯ.

ಉಳಿದ ಪೈಲಟ್‌ನನ್ನು ಇವತ್ತು ಕೈಗೆತ್ತಿಕೊಂಡೆ. ವಿಮಾನವಿಲ್ಲದ ಪೈಲಟ್. ಹೆಲ್ಮೆಟ್ ಕೆತ್ತಿ ತೆಗೆದು ಬೋಳುತಲೆ ಮಾಡಿದೆ. ಕರಗಿದ ರೆಕ್ಕೆಯ ಚೂರನ್ನೇ ಅಂಟಿಸಿ ಹೊಟ್ಟೆ. ಮೀಸೆ. ಬೆರಳಲ್ಲಿ ಚಿನ್ನದ ಬಣ್ಣದ ಚುಕ್ಕೆ, ಅದು ಉಂಗುರ. ಎಲೆಅಡಿಕೆಯ ಕವಳ ಹಾಕಿದ ಕೆಂಪು ಬಾಯಿ. ಸಾಕ್ಷಾತ್ ಮಂಜುನಾಥಪ್ಪ, ಎಪ್ಪತ್ತೆರಡನೇ ಒಂದು ಪಾಲು.

ಇಷ್ಟು ಸಣ್ಣದಕ್ಕೆ ಬಣ್ಣ ಬಳಿಯುವಾಗ ಕೆಳಗಿಂದ ಸೂಜಿ ಚುಚ್ಚಿ ಹಿಡಿಯಬೇಕು, ಒಣಗಲು ಆ ಸೂಜಿಯನ್ನು ನಿಂಬೆಹಣ್ಣಿಗೆ ನೆಡಬೇಕು. ನನ್ನ ಪದ್ಧತಿಯೇ ಹಾಗೆ, ಇದರಲ್ಲಿ ವೈಯಕ್ತಿಕ ಏನೂ ಇಲ್ಲ. ಅಗತ್ಯಕ್ಕಿಂತ ಸ್ವಲ್ಪ ಆಳ ಚುಚ್ಚಿದೆ ಎಂಬುದನ್ನು ಮಾತ್ರ ಒಪ್ಪುತ್ತೇನೆ.

ಕೆಂಪು ಬಣ್ಣ ಹಣ್ಣಿನ ಮೇಲೂ ಒಂದಿಷ್ಟು ಇಳಿದಿದೆ. ಇರಲಿ. ಕಾಂಪೌಂಡ್ ಗೋಡೆಯ ಮೇಲೆ ಬಿಸಿಲಿಗಿಟ್ಟೆ. ಆಗಾಗ ಹೋಗಿ ನೋಡಿ ಬಂದೆ. ಎಷ್ಟು ಸಮಾಧಾನ!

೧೦-೧೦, ಬೆಳಿಗ್ಗೆ

ಗೋಡೆಯ ಮೇಲೆ ನಿಂಬೆಹಣ್ಣಿಲ್ಲ. ಬೆಕ್ಕಿನ ಹೆಜ್ಜೆಗಳಿವೆ.

ಪಕ್ಕದ ಮನೆಯಿಂದ ಕೂಗು. ಮಂಜುನಾಥಪ್ಪನ ಹೆಂಡತಿ ತುಂಗಮ್ಮ. "ಅಯ್ಯಯ್ಯೋ, ತುಳಸಿಕಟ್ಟೆ ಬುಡದಲ್ಲಿ ಮಾಟ ಮಾಡಿಟ್ಟಿದಾರೆ! ನಿಂಬೆಹಣ್ಣು! ಸೂಜಿ! ಅಯ್ಯೋ, ಇವರದ್ದೇ ಬೊಂಬೆ!"

ಗೋಡೆಯ ಮೇಲಿಂದ ಇಣುಕಿದೆ. "ತುಂಗಮ್ಮ, ಅದು ನನ್ನದು" ಅನ್ನಲು ಬಾಯಿ ತೆರೆದದ್ದು ನಿಜ. ಅಷ್ಟರಲ್ಲಿ ಮಂಜುನಾಥಪ್ಪ ಹೊರಗೆ ಬಂದ. ತನ್ನನ್ನು ತಾನು ನೋಡಿದ. ನೆಲಕ್ಕೆ ಕುಸಿದು ಕೂತ.

ಬಾಯಿ ಮುಚ್ಚಿದೆ. ದೇವರ ಪಾಲು.

೧೩-೧೦

ಮಂಜುನಾಥಪ್ಪನಿಗೆ ಸೊಂಟನೋವು. ಸೂಜಿ ಹೊಕ್ಕ ಜಾಗದಲ್ಲೇ! ಡಾಕ್ಟರು ಎಣ್ಣೆ ಕೊಟ್ಟರಂತೆ, ಹಿಡಿಸಲಿಲ್ಲ. ಎಪ್ಪತ್ತೆರಡನೇ ಒಂದು ಪಾಲಿನ ಸೂಜಿಗೆ ಪೂರಾ ಅಳತೆಯ ನೋವು. ವಿಜ್ಞಾನ ಇದನ್ನು ಪರಿಶೀಲಿಸಬೇಕು. ಬೆಳಿಗ್ಗೆ "ಕಾಫಿ ಆಯ್ತಾ" ಕೂಡ ಇಲ್ಲ.

ಎರಡು ಸಲ ಕಾಫಿ ಕುಡಿದೆ, ಸಂತೋಷಕ್ಕೆ.

೧೮-೧೦, ಸಂಜೆ

ಕುಂಟುತ್ತಾ ಮನೆಗೇ ಬಂದ. ಕೈಯಲ್ಲಿ ಕೆಂಪು ವಸ್ತ್ರದ ಗಂಟು.

"ಮೇಷ್ಟ್ರೇ, ಆನಂದಪುರದ ಕಡೆ ಒಬ್ರು ಕವಡೆ ಹಾಕಿ ನೋಟ ಹೇಳ್ತಾರೆ, ಅವರ ಹತ್ರ ಹೋಗಿದ್ದೆ. ನಿನ್ನಿಂದ ನೊಂದವರೇ ಮಾಡಿಸಿದ್ದು, ಹೋಗಿ ತಪ್ಪೊಪ್ಪಿಕೋ ಅಂದ್ರು. ತೀರ್ಥಹಳ್ಳಿಗೆ ಹೋಗಿ ತಮ್ಮನ ಕಾಲು ಹಿಡಿದೆ. ಮಿಲ್ಲಿಂದ ಓಡಿಸಿದ್ದ ಹುಲಿಯಪ್ಪನ್ನ ವಾಪಸ್ ಕರೆದೆ. ಎಲ್ಲರಿಗೂ ತಪ್ಪಾಯ್ತು ತಪ್ಪಾಯ್ತು ಅಂದೆ. ಸೊಂಟ ಬಿಡ್ತಾನೇ ಇಲ್ಲ."

ಕುರ್ಚಿಯಲ್ಲಿ ನೆಟ್ಟಗೆ ಕೂತೆ. ಈಗ ಬರುತ್ತದೆ ಮೂರಕ್ಷರ.

"ಕಡೆಗೆ ನಿಮ್ಮ ಹತ್ರ ಬಂದೆ."

"ಹೇಳಿ ಹೇಳಿ."

"ಈ ಊರಲ್ಲಿ ನಾನು ಒಂದು ಚೂರೂ ತೊಂದ್ರೆ ಕೊಡದೇ ಇರೋರು ಅಂದ್ರೆ ನೀವೊಬ್ರೇ. ಅದಕ್ಕೇ ಧೈರ್ಯವಾಗಿ ಬಂದೆ. ಬಣ್ಣದ ಕೆಲಸ ಬಲ್ಲೋರು ನೀವು. ಇದು ಯಾರ ಕೈ, ನೋಡಿ ಹೇಳಿ."

ಗಂಟು ಬಿಚ್ಚಿ ತನ್ನನ್ನು ತಾನು ನನ್ನ ಮೇಜಿನ ಮೇಲಿಟ್ಟ.

ಒಂದು ಚೂರೂ! ಮರೆತೇಬಿಟ್ಟಿದ್ದಾನೆ. ಇಡೀ ವಿಮಾನ ಕರಗಿಸಿದವನಿಗೆ ನೆನಪೇ ಇಲ್ಲ. ಕಿವಿ ಬಿಸಿಯಾಯಿತು. ಮುಂದಿನ ಉಪಾಯ ಆ ಬಿಸಿಯಲ್ಲೇ ಹೊಳೆದದ್ದು, ಬುದ್ಧಿಯಿಂದ ಬಂದದ್ದಲ್ಲ.

"ಮಂಜುನಾಥಪ್ಪನವರೇ, ಬೊಂಬೆಯ ಭಂಗಿ ನೋಡಿ. ಕೂತಿದೆ. ಆದರೆ ವಾಹನ ಇಲ್ಲ. ಅದಕ್ಕೇ ನಿಮ್ಮ ಸೊಂಟದ ಮೇಲೆ ಕೂತಿದೆ."

"ಹೌದಲ್ರೀ! ಯಾವ ವಾಹನ ಬೇಕಂತೆ?"

"ವಿಮಾನ. ನಿಮ್ಮ ಕೈಯಾರೆ ಕಟ್ಟಬೇಕು. ಇದನ್ನು ಅದರಲ್ಲಿ ಕೂರಿಸಬೇಕು. ಅಮಾವಾಸ್ಯೆ ಸಂಜೆ ನಿಮ್ಮ ಕೈಯಾರೆ ಕರ್ಪೂರದಲ್ಲಿ ಸುಡಬೇಕು."

ಬೊಂಬಾಯಿಯ ನನ್ನ ಭಾವಮೈದುನನಿಗೆ ನನ್ನ ಕೈಲೇ ತಕ್ಷಣ ಕಾಗದ ಬರೆಸಿದ. ಇನ್ನೊಂದು ನ್ಯಾಟ್.

ತಿಂಗಳುಗಟ್ಟಲೆ ಕಟ್ಟಲಿ. ಕಣ್ಣು ನೋಯಲಿ. ಅದರ ಮೇಲೆ ಪ್ರೀತಿ ಹುಟ್ಟಲಿ. ಆಮೇಲೆ ಸುಡಲಿ. ನಾನು ಪಕ್ಕದಲ್ಲಿ ನಿಂತು ಒಂದು ಬಾಳೆಹಣ್ಣು ಕೊಡುತ್ತೇನೆ.

೧೫-೧-೧೯೬೭, ಭಾನುವಾರ

ಕಿಟ್ ಬಂತು. ಸಂಜೆಯಿಂದಲೇ ಶುರು. ಮಂಜುನಾಥಪ್ಪನವು ತೆಂಗಿನಕಾಯಿ ಸುಲಿಯುವ ಬೆರಳುಗಳು. ಮೊದಲ ದಿನವೇ ಹೆಬ್ಬೆಟ್ಟನ್ನು ರೆಕ್ಕೆಗೆ ಅಂಟಿಸಿಕೊಂಡ. ನನಗೆ ಪರಮಾನಂದ. ಬಿಡಿಸುವಾಗ ಬೇಕಂತಲೇ ಎಳೆದೆ.

ಸೂಜಿ ನೆಡಲು ಬಾಳೆದಿಂಡು ತಂದಿಟ್ಟಿದ್ದೇನೆ. ನಿಂಬೆಹಣ್ಣಿನ ಹೆಸರೆತ್ತುವಂತಿಲ್ಲ.

೨೯-೧

ಬೊಂಬೆ ವಿಮಾನದಲ್ಲಿ ಕೂರುತ್ತಿಲ್ಲ. ಹೊಟ್ಟೆ ಅಡ್ಡ. ಮರಳು ಕಾಗದದಿಂದ ಉಜ್ಜತೊಡಗಿದೆ. ಮಂಜುನಾಥಪ್ಪ ತನ್ನ ಹೊಟ್ಟೆ ಹಿಡಿದುಕೊಂಡು, "ಮೆಲ್ಲಗೆ ಮೇಷ್ಟ್ರೇ, ಮೆಲ್ಲಗೆ!"

ಕಿಟ್ಟಿನಲ್ಲಿ ಬಂದ ಹೊಸ ಪೈಲಟ್ ಉಳಿದ. "ಇವನನ್ನ ನಾನಿಟ್ಟುಕೊಳ್ಳಲಾ?" ಅಂದ. ಇಟ್ಟುಕೊಳ್ಳಿ ಅಂದೆ. ಜೇಬಿಗೆ ಹಾಕಿಕೊಂಡ.

೫-೨

ಸೊಂಟದ ಮಾತೇ ಇಲ್ಲ ಈಗ. ಬರುವಾಗ ಕುಂಟುವುದನ್ನೂ ಮರೆಯುತ್ತಾನೆ. ಮಿಲ್ಲಿನಿಂದ ನೇರ ಬರುತ್ತಾನೆ, ಹೊಟ್ಟು ಉದುರಬಾರದೆಂದು ಅಂಗಿ ಕೊಡವಿ, ಕೈ ತೊಳೆದು, ಆಮೇಲೆ ಕುಂಚ. ಇವತ್ತು ತ್ರಿವರ್ಣದ ಚಕ್ರ ಬರೆದ. ಬರೆಯುವಾಗ ಉಸಿರು ಬಿಗಿಹಿಡಿದ. ಯಾರೂ ಹೇಳಿಕೊಟ್ಟಿರಲಿಲ್ಲ.

ನನ್ನದಕ್ಕಿಂತ ದುಂಡಗೆ ಬಂದಿದೆ. ಇದು ಅನ್ಯಾಯ.

"ಮೇಷ್ಟ್ರೇ, ಸುಡಲೇಬೇಕಾ?"

"ಶಾಸ್ತ್ರ."

೯-೨, ಅಮಾವಾಸ್ಯೆ

ಸಂಜೆ ನಮ್ಮ ಅಂಗಳ. ತಟ್ಟೆಯಲ್ಲಿ ಕರ್ಪೂರ. ನನ್ನ ಜೇಬಿನಲ್ಲಿ ಬಾಳೆಹಣ್ಣು ಸಿದ್ಧ.

ಹಚ್ಚಿದ. ವಿಮಾನವನ್ನು ಮೇಲೆ ಹಿಡಿದ. ಇಳಿಸಲಿಲ್ಲ.

"ಮೇಷ್ಟ್ರೇ… ಚೌತಿ ದಿನ ನಿಮ್ಮದು ಕರಗುವಾಗ ನೀವು ಅಲ್ಲೇ ನಿಂತಿದ್ರಿ ಅಲ್ವಾ?"

"ನಿಂತಿದ್ದೆ."

"ಏನೂ ಅನ್ನಲಿಲ್ಲ."

"ಮಂಗಳಾರತಿ ನಡೀತಿತ್ತು."

ರೆಕ್ಕೆಯನ್ನೇ ನೋಡಿದ. ಮೀಸೆ ಅದುರಿತು. "ತಪ್ಪಾಯ್ತು ಮೇಷ್ಟ್ರೇ." ಅಂದು, ಕಣ್ಣು ಮುಚ್ಚಿ ವಿಮಾನ ಇಳಿಸತೊಡಗಿದ.

ಕುಣಿಯಬೇಕಿತ್ತು ನಾನು. ಆದರೆ ಮೂತಿ ಬಾಗುವುದು ಕಾಣಿಸಿತು. ಬಾಗಿರಲಿಲ್ಲ, ನನಗೇ ಕಾಣಿಸಿತು. ಬಗ್ಗಿ ಉಫ್ ಅಂತ ಊದಿಬಿಟ್ಟೆ.

"ಅಯ್ಯಯ್ಯೋ! ಕರ್ಪೂರಾನ ಬಾಯಲ್ಲಿ ಊದಿ ಆರಿಸಿದ್ರಾ!"

"ಮಾಟ ಹೋಯ್ತು. ಮನೆಗೆ ತಗೊಂಡು ಹೋಗಿ."

ಎದೆಗವಚಿಕೊಂಡು ಓಡಿದ. ಬಾಳೆಹಣ್ಣು ನಾನೇ ತಿಂದೆ. ಗೆದ್ದೆನೋ ಸೋತೆನೋ, ಹಣ್ಣಂತೂ ಮಾಗಿತ್ತು.

೧೨-೨, ಭಾನುವಾರ

ಕೆಟ್ಟಿತು.

ಚಕ್ರದ ಬಣ್ಣ ಎದ್ದಿದೆ ಅಂತ ವಿಮಾನ ತಂದಿದ್ದ. ಮತ್ತೆ ಬಳಿಯಲು ವಿಮಾನವನ್ನು ಸೂಜಿಗೆ ಸಿಕ್ಕಿಸಿದೆವು. ಬಾಳೆದಿಂಡು ಒಣಗಿ ಹೋಗಿತ್ತು, ಸೂಜಿ ನಿಲ್ಲುತ್ತಿಲ್ಲ. ಕಾಫಿ ತಂದ ಮನೋರಮಾ ನೋಡಿದಳು. ಒಳಗೆ ಹೋದಳು, ಬಂದಳು.

"ಎಂತಕ್ಕೆ ಬಾಳೆದಿಂಡು? ನಿಂಗ ಯಾವಾಗ್ಲೂ ನಿಂಬೆಹಣ್ಣಿಗೇ ಸೂಜಿ ಚುಚ್ಚಿ ಇಡದಲ್ದಾ? ತಗಳಿ."

ಹಣ್ಣು ಮೇಜಿನ ಮೇಲೆ ಉರುಳಿ ಮಂಜುನಾಥಪ್ಪನ ಮುಂದೆ ನಿಂತಿತು.

ಅವನು ನಿಂಬೆಹಣ್ಣು ನೋಡಿದ. ಸೂಜಿ ನೋಡಿದ. ವಿಮಾನದೊಳಗೆ ಕೂತ ತನ್ನನ್ನು ನೋಡಿದ. ಕೆಂಪು ಬಣ್ಣದ ಡಬ್ಬಿ ನೋಡಿದ. ಕಡೆಗೆ ನನ್ನನ್ನು.

ಕಾಫಿ ಪೂರ್ತಿ ಕುಡಿದ. ಲೋಟ ಕೆಳಗಿಟ್ಟ. "ಬರ್ತೀನಿ ಅಮ್ಮಾ" ಅಂದದ್ದು ಮನೋರಮಾಗೆ. ನನಗೆ ಏನೂ ಇಲ್ಲ.

೧೯-೨, ಸಂಜೆ ೫

ವಾರವೆಲ್ಲ "ಕಾಫಿ ಆಯ್ತಾ" ಇಲ್ಲ. ಅವನ ಮನೆಯ ಕಿಟಕಿಯಿಂದ ಅಂಟಿನ ವಾಸನೆ ಮಾತ್ರ ಬರುತ್ತಿತ್ತು.

ಇವತ್ತು ಮಧ್ಯಾಹ್ನ ಹುಲಿಯಪ್ಪ ಬಂದ. "ಸಾಹುಕಾರ್ರು ಕೊಟ್ರು" ಅಂತ ಕೆಂಪು ವಸ್ತ್ರದ ಗಂಟು ಇಟ್ಟು ಹೋದ.

ನಿಂಬೆಹಣ್ಣು. ಸೂಜಿ. ಸೂಜಿಯ ಮೇಲೆ ಆ ಹೊಸ ಪೈಲಟ್. ಬಡಕಲು ಮಾಡಿದ್ದಾನೆ. ಕೆದರಿದ ಕೂದಲು, ಕೈಯಲ್ಲಿ ಸೀಮೆಸುಣ್ಣ, ಮೂಗಿನ ತುದಿಗೆ ಜಾರಿದ ಕನ್ನಡಕ. ಕನ್ನಡಕ ಒಂದೇ ಎಳೆಯಲ್ಲಿ ಬರೆದಿದ್ದಾನೆ. ನಾನೇ ಕಲಿಸಿದ್ದು. ಪಾಪಿ, ಹೋಲಿಕೆ ಅದ್ಭುತ. ಸೂಜಿ ಅಗತ್ಯಕ್ಕಿಂತ ಸ್ವಲ್ಪ ಆಳವಾಗಿದೆ.

ಮೂಢನಂಬಿಕೆ. ಡ್ರಾಯಿಂಗ್ ಮೇಷ್ಟ್ರು ಇಂಥದ್ದಕ್ಕೆಲ್ಲ ಹೆದರುವವನಲ್ಲ. ಎದುರಿಗೇ ಇಟ್ಟುಕೊಂಡು ಬರೆಯುತ್ತಿದ್ದೇನೆ. ಸೂಜಿ ಕೀಳುವ ಯೋಚನೆ ಕೂಡ ಇಲ್ಲ, ಬಣ್ಣ ಇನ್ನೂ ಹಸಿ ಇದೆ. ಈಗ ಕಿತ್ತರೆ ಕೆಲಸ ಕೆಡುತ್ತದೆ, ಅಷ್ಟೇ. ಆದರೆ ಮಧ್ಯಾಹ್ನದಿಂದ ಸೊಂಟದ ಎಡಗಡೆ, ಸಣ್ಣಗೆ, ಏನೋ ಒಂದು —