ಹನ್ನೊಂದನೇ ಪುಟದ ಗೆರೆ

ಮಾರ್ಚ್ ೧೧, ಬುಧವಾರ

ನಗರದ ನಡುಭಾಗಕ್ಕೆ ಬರುವ ಕಾರುಗಳಿಗೆ ದಟ್ಟಣೆ ಶುಲ್ಕ ಹಾಕಬಹುದೇ ಎಂಬ ಮೊಕದ್ದಮೆಯಲ್ಲಿ ಇವತ್ತು ನನ್ನ ಸಾಕ್ಷಿ. ಸೇತುವೆಯ ಬಳಿ ನಲವತ್ತು ದಿನ ನಿಂತು, ಎಣಿಕೆ ಪುಸ್ತಕದಲ್ಲಿ ಗಾಡಿಗೊಂದು ಗೆರೆ ಎಳೆದವಳು ನಾನೇ ತಾನೆ.

ಶುಲ್ಕ ಬೇಡವೆನ್ನುವ ವರ್ತಕರ ವಕೀಲರು ನನ್ನ ಪುಸ್ತಕ ಬಿಡಿಸಿದರು. "ಹನ್ನೊಂದನೇ ಪುಟದಲ್ಲಿ ಒಂದು ಗೆರೆ ಹೊಡೆದುಹಾಕಿ ಮತ್ತೆ ಎಳೆದಿದ್ದೀರಲ್ಲಮ್ಮ, ಯಾಕೆ?"

ಇದ್ದದ್ದು ಇದ್ದಹಾಗೆ ಹೇಳಿದೆ. "ಅದು ನಮ್ಮ ಯಜಮಾನರ ಕಾರು ಸಾರ್. ನಾನು ಮರೆತಿದ್ದ ಊಟದ ಡಬ್ಬಿ ಕೊಡೋಕೆ ಬಂದಿದ್ರು. ನನಗೋಸ್ಕರ ಬಂದ ಗಾಡಿ ಅಂತ ಹೊಡೆದುಹಾಕಿದೆ. ಆಮೇಲೆ, ಎಲ್ಲರೂ ಯಾರಿಗೋಸ್ಕರಾನೋ ಬಂದಿರ್ತಾರಲ್ಲ ಅನ್ನಿಸ್ತು. ಮತ್ತೆ ಎಳೆದೆ."

ವಕೀಲರು ಕೂತುಬಿಟ್ಟರು. ನ್ಯಾಯಾಧೀಶರು ಆ ಪುಟವನ್ನು ತಾವೇ ನೋಡಿ, ಪುಸ್ತಕ ದಾಖಲೆಗೆ ಸೇರಲಿ ಎಂದರು. ತೀರ್ಪು ಇನ್ನೂ ಬರಬೇಕು, ಬರಲಿ.

ಮೊದಲಿನಿಂದಲೂ ಶುಲ್ಕವನ್ನು ಬೈಯುತ್ತಿದ್ದ ನಮ್ಮ ಯಜಮಾನರು ನನ್ನ ಜೊತೆ ಕೋರ್ಟಿನಿಂದ ಮನೆಗೆ ಬಂದವರೇ ತಮ್ಮನಿಗೆ ಫೋನು ಮಾಡಿದರು. "ನನ್ನ ಗಾಡೀನೂ ಬಿಡಲಿಲ್ಲ ಕಣೋ ನಿಮ್ಮತ್ತಿಗೆ." ದನಿಯಲ್ಲಿ ಸಿಟ್ಟು ಹುಡುಕಿದೆ, ಸಿಗಲಿಲ್ಲ. ಈಗ ಹಜಾರದಲ್ಲಿ ಇನ್ಯಾರಿಗೋ ಅದನ್ನೇ ಹೇಳುತ್ತಿದ್ದಾರೆ, ಇದು ನಾಲ್ಕನೇ ಸಲ. ಸಾಕು ಮಲಗಿ ಅನ್ನಬೇಕು. ಇದೊಂದು ಸಲ ಪೂರ್ತಿ ಕೇಳಿಸಿಕೊಂಡು ಆಮೇಲೆ ಹೇಳುತ್ತೇನೆ.